ಕೋಳಿಯ ಫೀಡಿಗೆ ಬೆಳ್ಳುಳ್ಳಿ ಹಾಕಿದರೆ ಸಾಕೇ?

ಕೋಳಿಗೆ ಬೆಳ್ಳುಳ್ಳಿ, ಶುಂಠಿ, ಅರಿಸಿನ ಹಾಕೋದು ನಮಗೇನೂ ಹೊಸದಲ್ಲ. ಆದರೆ ಅದು ಕೋಳಿ ಬಾಣಲೆಗೆ ಬಂದ ಮೇಲಿನ ಮಾತು. ಈಗ ಇವೇ ಪದಾರ್ಥಗಳನ್ನು ಬದುಕಿರುವ ಕೋಳಿಯ ಫೀಡಿಗೇ ಬೆರೆಸುವ ಮಾತು ಜೋರಾಗಿದೆ. 'ಆಂಟಿಬಯೋಟಿಕ್ ಇಲ್ಲದ ಚಿಕನ್', 'ಹರ್ಬಲ್ ಚಿಕನ್' ಅನ್ನೋ ಬೋರ್ಡುಗಳು ಬೆಂಗಳೂರಿನ ಅಂಗಡಿಗಳಲ್ಲೂ ಮೊಬೈಲ್ ಆ್ಯಪುಗಳಲ್ಲೂ ಕಾಣಿಸುತ್ತಿವೆ. ಬೆಲೆ ಮಾತ್ರ ಮಾಮೂಲಿ ಕೋಳಿಗಿಂತ ಒಂದು ಕೈ ಮೇಲೆ.

ಈ ವಿಷಯ ನಮ್ಮ ಸಂಘದ ಹರಟೆಗೆ ಬಂದಾಗ ಎರಡು ಪಕ್ಷ ಆಯ್ತು. 'ಅಜ್ಜಿ ಮದ್ದು ಇರುವಾಗ ಇಂಗ್ಲಿಷ್ ಮದ್ದು ಯಾಕೆ?' ಅನ್ನೋದು ಒಂದು ಪಕ್ಷ. 'ಇದೆಲ್ಲ ಮಾರ್ಕೆಟಿಂಗ್, ಐದು ಸಾವಿರ ಕೋಳಿ ಸಾಕೋನಿಗೆ ಕಷಾಯ ಕುಡಿಸಿ ಬದುಕೋಕೆ ಆಗಲ್ಲ' ಅನ್ನೋದು ಇನ್ನೊಂದು. ನಮ್ಮಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ದಾವಣಗೆರೆ ಕಡೆಯವರೂ ಇದ್ದಾರೆ. ಮನೆ ಹಿಂದೆ ಕೋಳಿ ಶೆಡ್ ಇರುವವರೂ ಇದ್ದಾರೆ, ಭಾನುವಾರದ ಮೆಸ್ಸಿನಲ್ಲಿ ಮಾತ್ರ ಕೋಳಿಯನ್ನು ನೋಡಿದವರೂ ಇದ್ದಾರೆ. ಆದ್ದರಿಂದ ಜಗಳ ಸುಲಭಕ್ಕೆ ಮುಗಿಯಲಿಲ್ಲ. ಓದಿ, ಲೆಕ್ಕ ಹಾಕಿ, ಕೊನೆಗೆ ನಾವೆಲ್ಲ ಒಪ್ಪಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಒಂದೇ ಮಾತಿನಲ್ಲಿ ಹೇಳೋದಾದ್ರೆ ಇಷ್ಟು. ಬೇಗ ಬೆಳೆಸುವುದಕ್ಕಾಗಿ ಫೀಡಿಗೆ ಬೆರೆಸುವ ಆಂಟಿಬಯೋಟಿಕ್ ಹೋಗಲೇಬೇಕು. ಆ ಜಾಗದಲ್ಲಿ ನೈಸರ್ಗಿಕ ಪದಾರ್ಥಗಳಿಗೆ ನಿಜವಾದ ಕೆಲಸ ಇದೆ. ಆದರೆ ಒಂದು ಪುಡಿ ತೆಗೆದು ಇನ್ನೊಂದು ಪುಡಿ ಹಾಕಿ, ಉಳಿದದ್ದನ್ನೆಲ್ಲ ಹಾಗೇ ಬಿಟ್ಟರೆ ನಷ್ಟ ಸಾಕುವವನ ತಲೆಯ ಮೇಲೆ ಬೀಳುತ್ತದೆ, ಆಂಟಿಬಯೋಟಿಕ್ ಹಿಂಬಾಗಿಲಿನಿಂದ ವಾಪಸ್ ಬರುತ್ತದೆ.

ಕೋಳಿ ಫೀಡಿಗೆ ಔಷಧ ಬಂದ ಕಥೆ

ಈ ಅಭ್ಯಾಸ ಶುರುವಾದದ್ದು ಅಮೆರಿಕದಲ್ಲಿ, ಅದೂ ಆಕಸ್ಮಿಕವಾಗಿ. ಲೆಡರ್ಲೆ ಅನ್ನೋ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ 1940ರ ದಶಕದ ಕೊನೆಗೆ ಆರಿಯೋಮೈಸಿನ್, ಅಂದ್ರೆ ಕ್ಲೋರ್‌ಟೆಟ್ರಾಸೈಕ್ಲಿನ್, ತಯಾರಾಗುತ್ತಿತ್ತು. ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಕಂಪನಿಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟ್ಯಾಡ್ ಎಂಬ ವಿಜ್ಞಾನಿಗಳು ವಿಟಮಿನ್ ಬಿ12ರ ಅಗ್ಗದ ಮೂಲವನ್ನು ಹುಡುಕುತ್ತಾ, ಆರಿಯೋಮೈಸಿನ್ ತೆಗೆದ ಮೇಲೆ ಉಳಿಯುವ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಮರಿಗಳು ವಿಟಮಿನ್ನಿನಿಂದ ಬೆಳೆಯಬೇಕಾದದ್ದಕ್ಕಿಂತ ಹೆಚ್ಚು ಬೆಳೆದವು. ಚರಟದಲ್ಲಿ ಉಳಿದಿದ್ದ ಚೂರುಪಾರು ಆಂಟಿಬಯೋಟಿಕ್ಕೇ ಅದಕ್ಕೆ ಕಾರಣ ಅನ್ನೋದು ಆಮೇಲೆ ಗೊತ್ತಾಯ್ತು. 1951ರ ಹೊತ್ತಿಗೆ ಅಮೆರಿಕದಲ್ಲಿ ಡಾಕ್ಟರ ಚೀಟಿಯೇ ಇಲ್ಲದೆ ಇದನ್ನು ಫೀಡಿಗೆ ಬೆರೆಸಲು ಒಪ್ಪಿಗೆ ಸಿಕ್ಕಿತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕಾಯಿಲೆ ಬಿದ್ದ ಕೋಳಿಗೆ ಪೂರ್ತಿ ಪ್ರಮಾಣದ ಔಷಧ ಕೊಡೋದು ಬೇರೆ. ಆರೋಗ್ಯವಾಗಿರುವ ಕೋಳಿಗೆ ದಿನಾ, ಟನ್ ಫೀಡಿಗೆ ಇಷ್ಟು ಗ್ರಾಂ ಅಂತ ಸಣ್ಣ ಪ್ರಮಾಣದಲ್ಲಿ ಕೊಡೋದು ಬೇರೆ. ಎರಡನೆಯದರ ಉದ್ದೇಶ ಚಿಕಿತ್ಸೆ ಅಲ್ಲ, ತೂಕ. ಸಣ್ಣ ಪ್ರಮಾಣದ ಔಷಧ ಕರುಳಿನ ಸೂಕ್ಷ್ಮಜೀವಿಗಳ ಗದ್ದಲವನ್ನು ಕಡಿಮೆ ಮಾಡುತ್ತದೆ, ಕರುಳಿನ ಗೋಡೆ ತೆಳುವಾಗಿ ಉಳಿಯುತ್ತದೆ, ಉರಿಯೂತಕ್ಕೆ ಖರ್ಚಾಗುವ ಶಕ್ತಿ ಮಾಂಸಕ್ಕೆ ಹೋಗುತ್ತದೆ. ಪೂರ್ತಿ ಕಾರ್ಯವಿಧಾನದ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದ್ದರೂ ಮುಖ್ಯ ವಿವರಣೆ ಇದು.

ಹಾಗೆಯೇ ಒಂದು ತಪ್ಪು ತಿಳಿವಳಿಕೆಯನ್ನೂ ಪಕ್ಕಕ್ಕಿಡೋಣ. 'ಬ್ರಾಯ್ಲರ್‌ಗೆ ಹಾರ್ಮೋನ್ ಚುಚ್ತಾರೆ, ಅದಕ್ಕೇ ನಲವತ್ತು ದಿನಕ್ಕೆ ಎರಡು ಕೆ.ಜಿ. ಬರುತ್ತೆ' ಅನ್ನೋ ಮಾತು ಪ್ರತಿ ಊರಲ್ಲೂ ಇದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಫೀಡ್ ಕೊಟ್ಟು ಸಾಕಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಕ್ಕೆ ಹಳೆಯದು ಸುಮಾರು 900 ಗ್ರಾಂ, ಹೊಸದು ಸುಮಾರು 4.2 ಕೆ.ಜಿ. ತೂಗಿತು. ಈ ಬೆಳವಣಿಗೆ ಬಂದದ್ದು ತಲೆಮಾರುಗಳ ತಳಿ ಆಯ್ಕೆಯಿಂದ. ಐದು ಸಾವಿರ ಕೋಳಿಗೆ ದಿನಾ ಚುಚ್ಚೋಕೆ ಯಾರಿಗೆ ಪುರಸೊತ್ತಿದೆ ಹೇಳಿ? ನಾವು ಹೆದರಬೇಕಾದದ್ದು ಹಾರ್ಮೋನಿಗಲ್ಲ, ಬೇರೊಂದಕ್ಕೆ.

ತೊಂದರೆ ತಟ್ಟೆಗಿಂತ ದೊಡ್ಡದು

ಆಂಟಿಬಯೋಟಿಕ್ ಅಂದ ತಕ್ಷಣ ನಮಗೆ ಹೊಳೆಯೋದು ಮಾಂಸದಲ್ಲಿ ಉಳಿಯುವ ಔಷಧದ ಅಂಶ. ಅದೂ ಸಮಸ್ಯೆಯೇ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2014ರಲ್ಲಿ ದೆಹಲಿ ಸುತ್ತಮುತ್ತಲಿನ 70 ಕೋಳಿ ಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಆಂಟಿಬಯೋಟಿಕ್ ಅಂಶ ಸಿಕ್ಕಿತ್ತು. ಔಷಧ ನಿಲ್ಲಿಸಿದ ಮೇಲೆ ಇಷ್ಟು ದಿನ ಕಾಯ್ದು ಆಮೇಲೆ ಮಾರಬೇಕು ಅನ್ನೋ ನಿಯಮ ಪಾಲಿಸಿದರೆ ಇದನ್ನು ತಡೆಯಬಹುದು.

ಆದರೆ ದೊಡ್ಡ ತೊಂದರೆ ನಿರೋಧಕ ಶಕ್ತಿಯದ್ದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಸ್ವೀಕರಿಸುವಾಗಲೇ ಎಚ್ಚರಿಸಿದ್ದರು: ಕೊಲ್ಲಲು ಸಾಲದಷ್ಟು ಸಣ್ಣ ಪ್ರಮಾಣದ ಔಷಧಕ್ಕೆ ಬ್ಯಾಕ್ಟೀರಿಯಾಗಳನ್ನು ಒಡ್ಡಿದರೆ ಅವು ಅದನ್ನು ಎದುರಿಸೋಕೆ ಕಲಿಯುತ್ತವೆ ಅಂತ. ನಾವು ಶೆಡ್‌ಗಳಲ್ಲಿ ಅದನ್ನೇ ಮಾಡ್ತಾ ಬಂದಿದ್ದೇವೆ. ಸಾವಿರಾರು ಕೋಳಿ, ಆರು ವಾರ, ದಿನಾ ಸ್ವಲ್ಪ ಸ್ವಲ್ಪ. ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಕೋಚಿಂಗ್ ಸೆಂಟರ್ ಬೇಕೇ?

ಇಲ್ಲಿ 'ಚೆನ್ನಾಗಿ ಬೇಯಿಸಿದರೆ ಆಯ್ತಲ್ಲ' ಅನ್ನೋ ಉತ್ತರ ಸಾಲದು. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ನಿರೋಧಕ ಬ್ಯಾಕ್ಟೀರಿಯಾ ಮನೆಗೆ ಬರೋದು ಮಾಂಸದ ಮೂಲಕ ಮಾತ್ರ ಅಲ್ಲ. ಶೆಡ್ಡಿನ ಕೆಲಸಗಾರನ ಕೈ, ಕೋಳಿ ಕೊಯ್ಯುವ ಹಲಗೆ, ತೊಳೆದ ನೀರು ಹರಿಯುವ ಚರಂಡಿ, ಎಲ್ಲವೂ ದಾರಿಯೇ. ಎಲ್ಲಕ್ಕಿಂತ ಹೆಚ್ಚಾಗಿ ಕೋಳಿ ಗೊಬ್ಬರ. ಒಂದು ಬ್ಯಾಚ್ ಮುಗಿದ ಮೇಲೆ ಆ ಹಿಕ್ಕೆ ಬೆರೆತ ಹೊಟ್ಟು ಲಾರಿ ಹತ್ತಿ ದ್ರಾಕ್ಷಿ ತೋಟಕ್ಕೋ ತರಕಾರಿ ಹೊಲಕ್ಕೋ ಹೋಗುತ್ತದೆ. ಕೋಳಿ ತಿನ್ನದವರೂ ಈ ಕಥೆಯಿಂದ ಹೊರಗಿಲ್ಲ.

ಕೊಲಿಸ್ಟಿನ್ ಉದಾಹರಣೆ ನೋಡಿ. ಐಸಿಯುನಲ್ಲಿ ಬೇರೆ ಯಾವ ಔಷಧವೂ ನಾಟದಾಗ ಡಾಕ್ಟರುಗಳು ಕೊನೆಯದಾಗಿ ಕೈ ಹಾಕುವ ಔಷಧಗಳಲ್ಲಿ ಇದೊಂದು. ಇದನ್ನೇ ಹಂದಿ, ಕೋಳಿಗಳನ್ನು ದಪ್ಪ ಮಾಡೋಕೆ ಹಲವು ದೇಶಗಳಲ್ಲಿ ಬಳಸುತ್ತಿದ್ದರು. 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಎಂಸಿಆರ್-1 ಎಂಬ ಜೀನ್ ಬಗ್ಗೆ ವರದಿ ಮಾಡಿದರು. ಅದು ಕೊಲಿಸ್ಟಿನ್‌ಗೆ ನಿರೋಧ ಕೊಡುವುದಷ್ಟೇ ಅಲ್ಲ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಪೆನ್‌ಡ್ರೈವ್‌ನಲ್ಲಿ ಫೈಲ್ ದಾಟಿಸಿದಷ್ಟು ಸಲೀಸಾಗಿ ದಾಟುತ್ತದೆ. ಚೀನಾ 2017ರಲ್ಲಿ ಬೆಳವಣಿಗೆಗಾಗಿ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. 2025ರ ಏಪ್ರಿಲ್ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಹೊಸ ನಿಯಮದ ಪ್ರಕಾರ ಇನ್ನಷ್ಟು ಆಂಟಿಬಯೋಟಿಕ್‌ಗಳನ್ನು ಮಾಂಸ, ಹಾಲು, ಮೊಟ್ಟೆ, ಮೀನು ಉತ್ಪಾದನೆಯ ಯಾವ ಹಂತದಲ್ಲೂ ಬಳಸುವಂತಿಲ್ಲ.

2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳ ಸೋಂಕಿನಿಂದ ಸತ್ತರು ಅನ್ನೋದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು. ಇದಕ್ಕೆಲ್ಲ ಕೋಳಿಯೇ ಕಾರಣ ಅನ್ನೋದು ಅನ್ಯಾಯ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಮಾತ್ರೆ ಕೊಂಡು ಎರಡು ದಿನಕ್ಕೆ ನಿಲ್ಲಿಸುವ ನಮ್ಮ ಪಾಲೂ ಅದರಲ್ಲಿದೆ. ಆದರೆ ಯಾವ ಕಾಯಿಲೆಯೂ ಇಲ್ಲದೆ, ಬರೀ ತೂಕಕ್ಕಾಗಿ ಈ ಔಷಧಗಳನ್ನು ಸುರಿಯೋದಕ್ಕೆ ಸಮರ್ಥನೆ ಸಿಗೋದಿಲ್ಲ.

ಬೆಳ್ಳುಳ್ಳಿಗೆ ಕೆಲಸ ಗೊತ್ತು, ಆದರೆ...

ಈಗ ಬದಲಿಗಳ ಕಡೆ ಬರೋಣ. ಇವುಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು.

ಮೊದಲನೆಯದು ಗಿಡಮೂಲಿಕೆ. ಬೆಳ್ಳುಳ್ಳಿಯ ಅಲಿಸಿನ್, ಅರಿಸಿನದ ಕರ್ಕ್ಯುಮಿನ್, ಓಮಕಾಳಿನ ಥೈಮಾಲ್, ಲವಂಗದ ಯೂಜಿನಾಲ್, ಚಕ್ಕೆಯ ಸಿನಮಾಲ್ಡಿಹೈಡ್. ಯುರೋಪಿನಲ್ಲಿ ಓರಿಗಾನೋ ಎಣ್ಣೆಯ ಕಾರ್ವಕ್ರಾಲ್ ಹೆಚ್ಚು ಬಳಕೆಯಲ್ಲಿದೆ. ಇವುಗಳಲ್ಲಿ ಹಲವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲ ಮಾಡುತ್ತವೆ, ಕೆಲವು ಕರುಳಿನ ಉರಿಯೂತ ತಗ್ಗಿಸುತ್ತವೆ, ಕೆಲವು ಜೀರ್ಣರಸ ಹೆಚ್ಚಿಸುತ್ತವೆ. ಎರಡನೆಯದು ಒಳ್ಳೆಯ ಸೂಕ್ಷ್ಮಜೀವಿಗಳು, ಅಂದ್ರೆ ಲ್ಯಾಕ್ಟೋಬ್ಯಾಸಿಲಸ್, ಬ್ಯಾಸಿಲಸ್ ಸಬ್ಟಿಲಿಸ್, ಯೀಸ್ಟ್ ಮುಂತಾದ ಪ್ರೋಬಯೋಟಿಕ್‌ಗಳು, ಜೊತೆಗೆ ಅವುಗಳಿಗೆ ಊಟವಾಗುವ ನಾರಿನಂಥ ಪ್ರೀಬಯೋಟಿಕ್‌ಗಳು. ಮೂರನೆಯದು ಬ್ಯುಟಿರಿಕ್, ಫಾರ್ಮಿಕ್, ಪ್ರೊಪಿಯೋನಿಕ್‌ನಂಥ ಸಾವಯವ ಆಮ್ಲಗಳು ಮತ್ತು ಫೈಟೇಸ್, ಕ್ಸೈಲನೇಸ್‌ನಂಥ ಕಿಣ್ವಗಳು.

ಇವುಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಫಿನ್ಲೆಂಡಿನ ಕಥೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಬ್ರಾಯ್ಲರ್‌ಗಳಲ್ಲಿ ಸಾಲ್ಮೊನೆಲ್ಲಾ ಹಾವಳಿ ಎದ್ದಿತು. ನುರ್ಮಿ ಮತ್ತು ರಾಂತಾಲ ಎಂಬ ಸಂಶೋಧಕರು ಬೇರೆ ದಾರಿಯಲ್ಲಿ ಯೋಚಿಸಿದರು. ನಾಟಿ ಕೋಳಿಮರಿ ತಾಯಿಯ ಜೊತೆ ತಿಪ್ಪೆ ಕೆದಕುತ್ತಾ ತಾಯಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಪಡೆಯುತ್ತದೆ. ಹ್ಯಾಚರಿ ಮರಿ ತಾಯಿಯನ್ನೇ ನೋಡಿರೋದಿಲ್ಲ, ಅದರ ಕರುಳು ಖಾಲಿ ಸೈಟು. ಮೊದಲು ಬಂದವರು ಬೇಲಿ ಹಾಕಿಕೊಳ್ತಾರೆ! ಆ ಮೊದಲ ಜಾಗ ಸಾಲ್ಮೊನೆಲ್ಲಾಗೆ ಸಿಗದಿರಲಿ ಅಂತ ಅವರು ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಅಂಶವನ್ನು ಎಳೆಮರಿಗಳಿಗೆ ಕೊಟ್ಟರು. ಮರಿಗಳು ಸೋಂಕನ್ನು ತಡೆದುಕೊಂಡವು. 1973ರಲ್ಲಿ ಪ್ರಕಟವಾದ ಈ ಕೆಲಸ ಇಂದಿನ ಕೋಳಿ ಪ್ರೋಬಯೋಟಿಕ್‌ಗಳಿಗೆಲ್ಲ ಅಡಿಪಾಯ. ಅಂದ್ರೆ ಇದು ಅಜ್ಜಿ ಮದ್ದಿನ ಭಾವುಕತೆ ಅಲ್ಲ, ವಿಜ್ಞಾನವೇ.

ಹಾಗಾದ್ರೆ ಸಮಸ್ಯೆ ಎಲ್ಲಿ? 'ನೈಸರ್ಗಿಕ' ಅನ್ನೋ ಪದವೇ ಅಳತೆ ಅಲ್ಲ ಅನ್ನೋದೇ ಸಮಸ್ಯೆ.

ಅರಿಸಿನವನ್ನೇ ತಗೊಳ್ಳಿ. ತಳಿ, ಮಣ್ಣು, ಒಣಗಿಸಿದ ರೀತಿ ನೋಡಿಕೊಂಡು ಅದರಲ್ಲಿ ಕರ್ಕ್ಯುಮಿನ್ ಶೇ. 2ರಿಂದ 5ರವರೆಗೆ ಹೆಚ್ಚುಕಡಿಮೆ ಆಗುತ್ತದೆ. 'ಟನ್ನಿಗೆ 5 ಕೆ.ಜಿ. ಅರಿಸಿನ' ಅಂದರೆ ಒಂದು ಚೀಲದಲ್ಲಿ 100 ಗ್ರಾಂ ಕರ್ಕ್ಯುಮಿನ್ ಇರಬಹುದು, ಇನ್ನೊಂದರಲ್ಲಿ 250 ಗ್ರಾಂ. ಇಂಥ ಕಚ್ಚಾವಸ್ತುವಿನ ಮೇಲೆ ಯಾವ ಇಂಜಿನಿಯರ್ ಡಿಸೈನ್ ಮಾಡ್ತಾನೆ? ಗಿಡಮೂಲಿಕೆ ಪ್ರಯೋಗಗಳ ಫಲಿತಾಂಶ ಒಂದು ಕಡೆ ಅದ್ಭುತ, ಇನ್ನೊಂದು ಕಡೆ ಶೂನ್ಯ ಬರೋದಕ್ಕೆ ಇದೊಂದು ಕಾರಣ.

ಬೆಳ್ಳುಳ್ಳಿಯದು ಇನ್ನೂ ವಿಚಿತ್ರ. ಅಲಿಸಿನ್ ಅನ್ನೋದು ಇಡೀ ಬೆಳ್ಳುಳ್ಳಿಯಲ್ಲಿ ಇರೋದೇ ಇಲ್ಲ. ಜಜ್ಜಿದಾಗ ಒಳಗಿನ ಕಿಣ್ವವೊಂದು ಅಲಿಯಿನ್ ಎಂಬ ವಸ್ತುವನ್ನು ಅಲಿಸಿನ್ ಮಾಡುತ್ತದೆ, ಅದೂ ಬೇಗ ಕೆಟ್ಟುಹೋಗುತ್ತದೆ. ಹೆಚ್ಚು ಬಿಸಿಯಲ್ಲಿ ಒಣಗಿಸಿ ಪುಡಿ ಮಾಡಿದರೆ ಕಿಣ್ವವೇ ಸಾಯುತ್ತದೆ. ವಾಸನೆ ಇದೆ, ಕೆಲಸ ಇಲ್ಲ. ಬೇವು ಜಾಸ್ತಿ ಆದರೆ ಕಹಿಗೆ ಕೋಳಿ ತಿನ್ನೋದೇ ಕಡಿಮೆ ಮಾಡುತ್ತದೆ.

ಇನ್ನು ಫೀಡ್ ಫ್ಯಾಕ್ಟರಿಯ ಕಥೆ. ಬ್ರಾಯ್ಲರ್ ಫೀಡನ್ನು ಸಾಮಾನ್ಯವಾಗಿ ಹಬೆ ಕೊಟ್ಟು 80 ಡಿಗ್ರಿ ಆಸುಪಾಸಿನಲ್ಲಿ ಉಂಡೆ ಕಟ್ಟುತ್ತಾರೆ. ಆ ಶಾಖಕ್ಕೆ ಸಾದಾ ಲ್ಯಾಕ್ಟೋಬ್ಯಾಸಿಲಸ್ ಬದುಕೋದು ಕಷ್ಟ, ಬ್ಯಾಸಿಲಸ್‌ನ ಬೀಜಕಣಗಳು ತಡೆದುಕೊಳ್ಳುತ್ತವೆ. ಸುಗಂಧ ತೈಲಗಳು ಆವಿಯಾಗುತ್ತವೆ. ಬ್ಯುಟಿರಿಕ್ ಆಮ್ಲ ಉಂಡೆಯಲ್ಲಿ ಉಳಿದರೂ ಕರುಳಿನ ಕೊನೆಯವರೆಗೆ ತಲುಪೋ ಮೊದಲೇ ಹೀರಿಹೋಗುತ್ತದೆ. ಹಾಗಾಗಿ ಇವಕ್ಕೆಲ್ಲ ಕೊಬ್ಬಿನದೋ ಬೇರೆಯದೋ ಕವಚ ಹಾಕಿ, ಎಲ್ಲಿ ಬಿಡುಗಡೆ ಆಗಬೇಕೋ ಅಲ್ಲೇ ಆಗುವಂತೆ ಮಾಡಬೇಕು. ಕೆಮಿಕಲ್ ಮತ್ತು ಬಯೋಟೆಕ್ ವಿಭಾಗದ ಗೆಳೆಯರೇ, ಇದು ನಿಮ್ಮ ಕೆಲಸ ಅಲ್ವಾ?

ಡೆನ್ಮಾರ್ಕಿನ 16 ಗ್ರಾಂ

'ಇಷ್ಟೆಲ್ಲ ತಾಪತ್ರಯ ಯಾಕೆ? ನಿಲ್ಲಿಸಿದ್ರೆ ಚಿಕನ್ ರೇಟು ಆಕಾಶಕ್ಕೆ ಹೋಗುತ್ತೆ, ಬಡವರ ಪ್ರೋಟೀನ್ ಕೈತಪ್ಪುತ್ತೆ' ಅನ್ನೋ ವಾದ ಇದೆ. ಗಂಭೀರವಾದ ವಾದ. ಇದಕ್ಕೆ ಭಾವನೆಯ ಉತ್ತರ ಬೇಡ, ಲೆಕ್ಕದ ಉತ್ತರ ಬೇಕು.

ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬೆರೆಸುವುದನ್ನು ನಿಲ್ಲಿಸಿತು. ಡೆನ್ಮಾರ್ಕ್ 1995ರಲ್ಲಿ ಅವೊಪಾರ್ಸಿನ್ ನಿಷೇಧಿಸಿತು. ಅದು ಆಸ್ಪತ್ರೆಯ ವ್ಯಾಂಕೊಮೈಸಿನ್‌ಗೆ ದಾಯಾದಿ ಔಷಧ. 1998ರಲ್ಲಿ ಅಲ್ಲಿನ ಬ್ರಾಯ್ಲರ್ ಉದ್ಯಮ ತಾನಾಗಿಯೇ ಉಳಿದವನ್ನೂ ಕೈಬಿಟ್ಟಿತು. ಯುರೋಪಿಯನ್ ಒಕ್ಕೂಟ ಪೂರ್ತಿಯಾಗಿ ನಿಲ್ಲಿಸಿದ್ದು 2006ರ ಜನವರಿ 1ರಂದು. ಪರಿಣಾಮ ಏನಾಯ್ತು? ಡೆನ್ಮಾರ್ಕಿನ ಬ್ರಾಯ್ಲರ್‌ಗಳ ಕರುಳಿನ ಒಂದು ಬಗೆಯ ಎಂಟೆರೊಕಾಕಸ್‌ನಲ್ಲಿ 1995ರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಇದ್ದ ನಿರೋಧ 2000ದ ಹೊತ್ತಿಗೆ ಶೇ. 6ರ ಆಸುಪಾಸಿಗೆ ಇಳಿಯಿತು. ಸಾಯುವ ಕೋಳಿಗಳ ಪ್ರಮಾಣ ಹೆಚ್ಚಲಿಲ್ಲ. ಒಂದು ಕೆ.ಜಿ. ಕೋಳಿ ಬೆಳೆಸೋಕೆ ಬೇಕಾದ ಫೀಡ್ ಮಾತ್ರ ಹೆಚ್ಚಿತು. ಎಷ್ಟು? ಸುಮಾರು 16 ಗ್ರಾಂ.

ಈ ಲೆಕ್ಕವನ್ನು ನಮ್ಮ ಶೆಡ್ಡಿಗೆ ತರೋಣ. ಫೀಡು ಕೆ.ಜಿ.ಗೆ 40 ರೂಪಾಯಿ ಅಂತ ಇಟ್ಟುಕೊಳ್ಳಿ. 16 ಗ್ರಾಂ ಅಂದರೆ 64 ಪೈಸೆ. ಚಿಕನ್ ದರ ಹಬ್ಬಕ್ಕೆ, ಶ್ರಾವಣಕ್ಕೆ, ಬಿಸಿಲಿಗೆ ಕೆ.ಜಿ.ಗೆ ಹತ್ತಿಪ್ಪತ್ತು ರೂಪಾಯಿ ಏರಿಳಿಯೋದನ್ನು ನಾವು ಗೊಣಗಿಕೊಂಡೇ ಒಪ್ಪಿಕೊಳ್ತೇವೆ. 64 ಪೈಸೆ ಅದರ ಮುಂದೆ ಏನೂ ಅಲ್ಲ. ಡೆನ್ಮಾರ್ಕಿನ ತಂಪು ಬೇರೆ, ನಮ್ಮ ಸೆಕೆ ಬೇರೆ ಅಂತ ಮೂರು ಪಟ್ಟು ಮಾಡಿದರೂ ಎರಡು ರೂಪಾಯಿ ದಾಟೋದಿಲ್ಲ. ಔಷಧಕ್ಕೆ ಕೊಡುತ್ತಿದ್ದ ದುಡ್ಡೂ ಉಳಿಯುತ್ತದೆ.

ಹಾಗಂತ ಈ ಲೆಕ್ಕದ ಇನ್ನೊಂದು ಬದಿ ಮುಚ್ಚಿಡಬಾರದು. ಡೆನ್ಮಾರ್ಕಿನವರು ಕಾಕ್ಸಿಡಿಯೋಸಿಸ್ ತಡೆಯುವ ಸಾಲಿನೋಮೈಸಿನ್‌ನಂಥ ಔಷಧಗಳನ್ನು ಬಿಡಲಿಲ್ಲ. ಅವು ಕ್ಲಾಸ್ಟ್ರಿಡಿಯಂ ಅನ್ನೂ ಹತೋಟಿಯಲ್ಲಿ ಇಡುತ್ತವೆ. ಶೆಡ್ಡುಗಳೂ ಸುಸಜ್ಜಿತವಾಗಿದ್ದವು. ನಾವು ಫೀಡಿನಿಂದ ಔಷಧವನ್ನು ಮಾತ್ರ ತೆಗೆದು ಒದ್ದೆ ಹೊಟ್ಟು, ಕೊಳಕು ನೀರು, ಇಕ್ಕಟ್ಟು ಜಾಗ ಹಾಗೇ ಬಿಟ್ಟರೆ ಫಲಿತಾಂಶ 16 ಗ್ರಾಮಿನಲ್ಲಿ ನಿಲ್ಲೋದಿಲ್ಲ.

64 ಪೈಸೆ ಯಾರ ಜೇಬಿನಿಂದ?

ನಮ್ಮ ಮಟ್ಟಿಗೆ ಇಡೀ ವಿಷಯದ ಗಂಟು ಇರೋದು ಇಲ್ಲಿ. ಕರ್ನಾಟಕದಲ್ಲಿ ಬ್ರಾಯ್ಲರ್ ಸಾಕುವ ಬಹಳಷ್ಟು ರೈತರು ಗುತ್ತಿಗೆ ಪದ್ಧತಿಯಲ್ಲಿದ್ದಾರೆ. ಮರಿ, ಫೀಡು, ಔಷಧ ಕಂಪನಿಯದು. ಶೆಡ್ಡು, ಕರೆಂಟು, ನೀರು, ಹೊಟ್ಟು, ಮನೆಮಂದಿಯ ದುಡಿಮೆ ರೈತನದು. ಕೋಳಿ ಎತ್ತಿದ ಮೇಲೆ ಕೆ.ಜಿ.ಗೆ ಇಷ್ಟು ಅಂತ ಸಾಕಣೆ ಕೂಲಿ. ಆ ಕೂಲಿ ನಿಂತಿರೋದು ಎಫ್‌ಸಿಆರ್ ಮೇಲೆ. ಎಷ್ಟು ಕೆ.ಜಿ. ಫೀಡಿಗೆ ಎಷ್ಟು ಕೆ.ಜಿ. ಕೋಳಿ ಬಂತು ಅನ್ನೋ ಅನುಪಾತ ಅದು. ಗೊತ್ತುಮಾಡಿದ ಮಿತಿಗಿಂತ ಫೀಡು ಹೆಚ್ಚು ಖರ್ಚಾದರೆ ಕೂಲಿಯಲ್ಲಿ ಕಡಿತ.

ಕೂಲಿ ಕೆ.ಜಿ.ಗೆ 6 ರೂಪಾಯಿ ಅಂತ ಅಂದಾಜು ಮಾಡಿ. ತಿನ್ನುವ ನಮಗೆ ಲೆಕ್ಕಕ್ಕೇ ಬಾರದ 64 ಪೈಸೆ, ಸಾಕುವವನ ಕೂಲಿಯ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು! 5,000 ಕೋಳಿ, ತಲಾ 2 ಕೆ.ಜಿ. ಅಂದರೆ ಒಂದು ಬ್ಯಾಚಿಗೆ 6,400 ರೂಪಾಯಿ. ಒಂದು ತಿಂಗಳ ಕರೆಂಟು, ಹೊಟ್ಟು, ಮಗಳ ಹಾಸ್ಟೆಲ್ ಖರ್ಚು ಯಾವುದೋ ಒಂದು ಅದರಲ್ಲಿ ಹೋಯ್ತು. ಇದರ ಮೇಲೆ ಗಿಡಮೂಲಿಕೆ ಪುಡಿಯ ಬೆಲೆ ಬೇರೆ. ಅರಿಸಿನ ಕೆ.ಜಿ.ಗೆ 150 ರೂಪಾಯಿ ಅಂದುಕೊಂಡು ಟನ್ ಫೀಡಿಗೆ 5 ಕೆ.ಜಿ. ಹಾಕಿದರೆ 750 ರೂಪಾಯಿ, ಅಂದರೆ ಒಂದು ಕೆ.ಜಿ. ಕೋಳಿಗೆ ಹೆಚ್ಚುಕಡಿಮೆ 1 ರೂಪಾಯಿ 20 ಪೈಸೆ.

ಈಗ ಆ ರೈತನ ಜಾಗದಲ್ಲಿ ನಿಂತು ನೋಡಿ. ಇಪ್ಪತ್ತನೆಯ ದಿನದ ಆಸುಪಾಸು ಕೋಳಿಗಳ ಹಿಕ್ಕೆ ತೆಳುವಾಗುತ್ತದೆ, ಕೆಲವು ಮುದುಡಿ ಕೂರುತ್ತವೆ. ಪಶುವೈದ್ಯರು ದೂರ. ಮೆಡಿಕಲ್ ಶಾಪು ಹತ್ತಿರ. ಎನ್ರೋಫ್ಲಾಕ್ಸಸಿನ್ ಬಾಟಲಿ ಸಿಗುತ್ತದೆ, ನೀರಿಗೆ ಬೆರೆಸಿದರೆ ಆಯ್ತು. ಅಮೆರಿಕದಲ್ಲಿ 2005ರಲ್ಲೇ ಕೋಳಿಗೆ ನಿಷೇಧವಾದ ಔಷಧ ಅದು. ಆದರೆ ಕೂಲಿ ಕಡಿತದ ಭಯ ಇರುವವನಿಗೆ ಅಮೆರಿಕದ ಕಥೆ ಯಾಕೆ? ಚೀಲದ ಮೇಲೆ 'ಹರ್ಬಲ್' ಅಂತ ಅಚ್ಚಾಗಿದೆ, ಒಳಗೆ ಆಂಟಿಬಯೋಟಿಕ್ ನೀರಿನ ಪೈಪಿನಲ್ಲಿ ಹರೀತಾ ಇದೆ. ಹಿಂಬಾಗಿಲು ಅಂತ ನಾವು ಮೊದಲೇ ಹೇಳಿದ್ದು ಇದನ್ನೇ. ಆತನನ್ನು ಬೈದು ಪ್ರಯೋಜನ ಇಲ್ಲ. ಅಪಾಯವನ್ನೆಲ್ಲ ಒಬ್ಬನ ಮೇಲೆ ಹೊರಿಸಿದರೆ ಅವನು ಕೈಗೆ ಸಿಕ್ಕಿದ ಕೊಡೆ ಹಿಡಿಯುತ್ತಾನೆ.

ಶೆಡ್ಡು ಮೊದಲು, ಪುಡಿ ಆಮೇಲೆ

ಬ್ರಾಯ್ಲರ್‌ನ ಕರುಳು ಕೆಡೋದು ಹೀಗೆ. ಹೊಟ್ಟು ಒದ್ದೆಯಾದರೆ ಕಾಕ್ಸಿಡಿಯಾ ಪರಾವಲಂಬಿ ಬೆಳೆಯುತ್ತದೆ. ಅದು ಕರುಳಿನ ಗೋಡೆ ಕೊರೆಯುತ್ತದೆ. ಅಲ್ಲಿಂದ ಸೋರುವ ಪ್ರೋಟೀನು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಕೊನೆಗೆ ಕರುಳು ಕೊಳೆಯುವ ನೆಕ್ರೋಟಿಕ್ ಎಂಟರೈಟಿಸ್. ಆಂಟಿಬಯೋಟಿಕ್ ಈ ಸರಪಳಿಯ ಕೊನೆಯ ಕೊಂಡಿಯನ್ನು ಹಿಡಿಯುತ್ತದೆ. ಬೆಳ್ಳುಳ್ಳಿಯೂ ಓಮವೂ ಅಲ್ಲೇ ಹೋಗಿ ನಿಲ್ಲಬೇಕು ಅಂತ ನಿರೀಕ್ಷಿಸಿದರೆ ಸೋಲುತ್ತವೆ, ಅಷ್ಟು ಬಲ ಅವಕ್ಕಿಲ್ಲ. ಮೊದಲ ಕೊಂಡಿಯಲ್ಲೇ ಕೈ ಹಾಕಿದರೆ ಮಾತ್ರ ಅವುಗಳ ಸಣ್ಣ ಸಹಾಯ ಸಾಕಾಗುತ್ತದೆ.

ಮೊದಲ ಕೊಂಡಿ ಅಂದರೆ ತೇವ ಶೇ. 20-25ರಲ್ಲಿ ಇರುವ ಹೊಟ್ಟು. ಅಮೋನಿಯಾ 25 ಪಿಪಿಎಂ ದಾಟದ ಗಾಳಿ. ಮೊದಲ ದಿನಗಳಲ್ಲಿ ಮರಿಗೆ 32-33 ಡಿಗ್ರಿ ಬಿಸಿ. ಕ್ಲೋರಿನ್ ಹಾಕಿದ ನೀರು. ಕೋಳಿ ತಿನ್ನುವುದರ ಎರಡರಷ್ಟು ತೂಕದ ನೀರು ಕುಡಿಯುತ್ತದೆ, ಫೀಡಿಗೆ ಚಿನ್ನದಂಥ ಪುಡಿ ಬೆರೆಸಿ ಪಾಚಿ ಕಟ್ಟಿದ ಟ್ಯಾಂಕಿನ ನೀರು ಕುಡಿಸಿದರೆ ಏನು ಬಂತು? ಇವುಗಳ ಜೊತೆ ಸಮಯಕ್ಕೆ ಲಸಿಕೆ, ಎರಡು ಬ್ಯಾಚುಗಳ ನಡುವೆ ಶೆಡ್ ಖಾಲಿ ಬಿಡುವ ದಿನಗಳು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆಂಟಿಬಯೋಟಿಕ್ ಅನ್ನೋದು ಕೆಟ್ಟ ಡಿಸೈನಿಗೆ ಹಾಕಿದ ಪ್ಯಾಚ್. ಪ್ಯಾಚ್ ತೆಗೆದಾಗ ಬಗ್ ಕಾಣಿಸಿದರೆ ಇನ್ನೊಂದು ಪ್ಯಾಚ್ ಹುಡುಕೋದಲ್ಲ, ಕೋಡ್ ಸರಿ ಮಾಡೋದು.

ನಾವು ಕೇಳುವುದು ಇಷ್ಟು

ಒಂದು, ಆಂಟಿಬಯೋಟಿಕ್ ಚಿಕಿತ್ಸೆಗೆ ಮಾತ್ರ ಇರಲಿ. ಪಶುವೈದ್ಯರ ಚೀಟಿ, ಪೂರ್ತಿ ಪ್ರಮಾಣ, ಕಾಯುವ ದಿನಗಳ ಲೆಕ್ಕ. ಕಾಯಿಲೆ ಬಿದ್ದ ಕೋಳಿಗೂ ಔಷಧ ಬೇಡ ಅನ್ನೋದು ಕ್ರೌರ್ಯ, ಅದನ್ನು ನಾವು ಕೇಳುತ್ತಿಲ್ಲ.

ಎರಡು, ಫೀಡ್ ಚೀಲದ ಮೇಲೆ ಒಳಗಿರುವುದೆಲ್ಲ ಕನ್ನಡದಲ್ಲಿ ಅಚ್ಚಾಗಿರಲಿ. ಔಷಧ ಇದ್ದರೆ ಅದರ ಹೆಸರು, ಪ್ರಮಾಣ. ಗಿಡಮೂಲಿಕೆ ಇದ್ದರೆ 'ಅರಿಸಿನ' ಅಂತ ಅಲ್ಲ, ಕರ್ಕ್ಯುಮಿನ್ ಎಷ್ಟು ಅಂತ. ಪ್ರೋಬಯೋಟಿಕ್ ಇದ್ದರೆ ಉಂಡೆ ಕಟ್ಟಿದ ಮೇಲೂ ಬದುಕಿರುವ ಸಂಖ್ಯೆ ಎಷ್ಟು ಅಂತ. ಸುರಿಯುವ ಕೈಗೆ ಏನನ್ನು ಸುರಿಯುತ್ತಿದ್ದೇನೆ ಅನ್ನೋದು ಗೊತ್ತಿರಬೇಕು.

ಮೂರು, ಗುತ್ತಿಗೆಯಲ್ಲಿ ಎಫ್‌ಸಿಆರ್ ಮಿತಿ ಬದಲಾಗಲಿ. ಔಷಧವಿಲ್ಲದ ಫೀಡ್ ಕೊಡುವ ಕಂಪನಿ ಆ ಹೆಚ್ಚುವರಿ ಗ್ರಾಮುಗಳನ್ನು ತಾನು ಹೊರಲಿ. ಅಂಗಡಿಯಲ್ಲಿ ಹೆಚ್ಚು ಬೆಲೆಗೆ ಮಾರುವಾಗ ಆ ಹೆಚ್ಚಿನ ದುಡ್ಡಿನಲ್ಲಿ ಸಾಕಿದವನಿಗೂ ಪಾಲು ಸಿಗಲಿ.

ನಾಲ್ಕನೆಯದು ನಮಗೆ ನಾವೇ ಹೇಳಿಕೊಳ್ಳೋದು. ಕೋಳಿ ವಿಜ್ಞಾನಕ್ಕೆ ಬೆಂಗಳೂರಿನಷ್ಟು ಅನುಕೂಲ ಇರುವ ಊರು ಕಡಿಮೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ, ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆ ಎಲ್ಲ ಇಲ್ಲೇ ಇವೆ. ಗಿರಿರಾಜ ತಳಿ ಹುಟ್ಟಿದ್ದೂ ಹೆಬ್ಬಾಳದಲ್ಲೇ. ನಾವು ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟಿಗೆ ಸ್ಮಾರ್ಟ್ ಡಸ್ಟ್‌ಬಿನ್ ಮಾಡೋದು ಬಿಟ್ಟು, ಹೊಟ್ಟಿನ ತೇವ ಅಳೆಯುವ ಅಗ್ಗದ ಸೆನ್ಸರ್, ಅಮೋನಿಯಾ ಏರಿದಾಗ ಫೋನಿಗೆ ಕನ್ನಡದಲ್ಲಿ ಮೆಸೇಜ್ ಕಳಿಸುವ ಪೆಟ್ಟಿಗೆ, ನೀರಿನ ಪೈಪಿಗೆ ಕ್ಲೋರಿನ್ ಅಳತೆ ಮಾಡಿ ಬಿಡುವ ಸಾಧನ ಯಾಕೆ ಮಾಡಬಾರದು? ಸುಗಂಧ ತೈಲಕ್ಕೆ ಶಾಖ ತಡೆಯುವ ಕವಚ ಮಾಡೋದು ಒಂದು ಒಳ್ಳೆಯ ಥೀಸಿಸ್. ಅದನ್ನು ಐಇಇಇ ಪೇಪರ್ ಮಾಡಿದರೂ ಸರಿ, ಮಾಡದಿದ್ದರೂ ಸರಿ, ಶೆಡ್ಡಿನಲ್ಲಿ ನಡೆದರೆ ಸಾಕು.

ಇನ್ನು ತಿನ್ನುವವರಾಗಿ ನಾವು ಮಾಡಬಹುದಾದದ್ದೂ ಇದೆ. 'ಹರ್ಬಲ್' ಅಂತ ಬರೆದ ಕೋಳಿ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಇದನ್ನು ಯಾವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ದೀರಿ? ಸಾಕಿದವರಿಗೆ ಎಷ್ಟು ಕೊಟ್ಟಿರಿ? ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ ಅದು ಬರೀ ಬೋರ್ಡು. ಎರಡನೆಯದಕ್ಕೆ ಉತ್ತರ ಸಿಗದಿದ್ದರೆ ಅದು ಹೆಚ್ಚು ದಿನ ಉಳಿಯೋ ಬೋರ್ಡಲ್ಲ.